ಗೋಲಿ ಬಾಟಲಿಯ ಪಾನಕ

ಗುಬ್ಬಿಯಲ್ಲಿ ಫ್ಯಾಕ್ಟರಿ ಎಂದರೆ ಈಗಿನವರು ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆ ಕಡೆ ಕೈ ತೋರಿಸುತ್ತಾರೆ. ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲಕ್ಕೆ ನಮಗೆಲ್ಲ ಫ್ಯಾಕ್ಟರಿ ಎಂದರೆ ದೊಡ್ಡಪ್ಪನ ಸೋಡಾ ಫ್ಯಾಕ್ಟರಿ. ಮಹಾ ಫ್ಯಾಕ್ಟರಿಯೇನಲ್ಲ ಬಿಡಿ. ಒಂದು ತಗಡಿನ ಶೆಡ್ಡು, ಗ್ಯಾಸ್ ಸಿಲಿಂಡರು, ಕೈಯಲ್ಲಿ ತಿರುಗಿಸುವ ಮೆಷಿನ್ನು, ರಾಶಿ ಗೋಲಿ ಬಾಟಲಿ. ಒಳಗೆ ಕಾಲಿಟ್ಟರೆ ನಿಂಬೆಹಣ್ಣಿನ, ಒದ್ದೆ ಗೋಣಿಚೀಲದ ವಾಸನೆ. ಬಾಟಲಿ ಒಡೆದರೆ ಅದರ ಗೋಲಿ ನನಗೆ. ಹಾಗಾಗಿ ಒಡೆಯಲಿ ಎಂದು ನಾನು ದೇವರಿಗೆ ಕೈಮುಗಿಯುತ್ತಿದ್ದೆ, ಒಡೆಯದಿರಲಿ ಎಂದು ದೊಡ್ಡಪ್ಪ.

ನಾನು ಐದನೇ ಕ್ಲಾಸಿನಲ್ಲಿದ್ದ ಬೇಸಿಗೆಯಲ್ಲಿ ದೊಡ್ಡ ಕೂಲ್‌ಡ್ರಿಂಕ್ಸ್ ಕಂಪನಿಯೊಂದು ಅಂಗಡಿಗಳಿಗೆಲ್ಲ ಪುಕ್ಕಟೆ ಫ್ರಿಜ್ ಹಂಚಿತು. ಷರತ್ತು ಒಂದೇ, ಅದರೊಳಗೆ ಬೇರೆಯವರ ಬಾಟಲಿ ಇಡಬಾರದು. ಸುಡು ಬಿಸಿಲಿನಲ್ಲಿ ತಣ್ಣಗಿಲ್ಲದ ಸೋಡಾ ಯಾರಿಗೆ ಬೇಕು? ದೊಡ್ಡಪ್ಪನ ಕ್ರೇಟುಗಳು ಹೋದ ಹಾಗೆಯೇ ವಾಪಸ್ ಬರತೊಡಗಿದವು. ಹೀಗೇ ಆದರೆ ಮಳೆಗಾಲದೊಳಗೆ ಶೆಡ್ಡಿಗೆ ಬೀಗ ಎಂದು ದೊಡ್ಡಮ್ಮ ಅಡುಗೆಮನೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ದೊಡ್ಡಪ್ಪ ಅಳುವ ಪೈಕಿಯಲ್ಲ. ರಾಮನವಮಿ ಹತ್ತಿರ ಬಂದಿತ್ತು. ಬೆಲ್ಲ, ಶುಂಠಿ, ನಿಂಬೆಹಣ್ಣು, ಏಲಕ್ಕಿಯ ಪಾನಕವನ್ನೇ ಗೋಲಿ ಬಾಟಲಿಗೆ ತುಂಬಿ, ಗ್ಯಾಸ್ ಹಿಡಿಸಿ, ಭಜನೆಯವರಿಗೆ ಹಂಚುವುದು. ಊರಿಗೆ ರುಚಿ ಹತ್ತಿದರೆ ಕಂಪನಿ ಗಂಟುಮೂಟೆ ಕಟ್ಟಬೇಕು, ಇದು ಅವನ ಲೆಕ್ಕಾಚಾರ. ಹಬ್ಬಕ್ಕೆ ಐದು ದಿನ ಇರುವಾಗಲೇ ತುಂಬಲು ಕೂತ.

"ಪಾನಕ ಅವತ್ತಿಂದು ಅವತ್ತೇ ಆಗ್ಬೇಕು ಕಣ್ರೀ. ಹುಳಿ ಬಂದ್‌ಬುಡ್ತದೆ," ಅಂದಳು ದೊಡ್ಡಮ್ಮ.

"ಗೋಲಿ ಕೂತ್ರೆ ಗಾಳಿ ಆಡಾಕಿಲ್ಲ, ಇನ್ನು ಹುಳಿ ಎಲ್ಲಿಂದ ಬತ್ತದೆ? ಸುಮ್ಕಿರು!"

ಮೂರನೇ ದಿನ ಶೆಡ್ಡಿನಲ್ಲಿ ಢಮ್ ಎಂದು ಒಂದು ಬಾಟಲಿ ಸಿಡಿಯಿತು. ನಾಲ್ಕನೇ ದಿನ ಎರಡು. ನಾನು ಗೋಲಿ ಆರಿಸುತ್ತಿದ್ದರೆ ದೊಡ್ಡಪ್ಪ ಮೀಸೆ ತಿರುವಿದ. "ನೋಡ್ದಾ, ಗ್ಯಾಸು ಹೆಂಗ್ ಹಿಡ್ದೈತೆ!"

ರಾಮನವಮಿಯ ದಿನ ಊರಿನ ರಾಮಮಂದಿರದಲ್ಲಿ ಭಜನೆ. ಹಾಡುವವರೆಲ್ಲ ಬೆಳಗ್ಗಿನಿಂದ ಉಪವಾಸ. ಅವರಿಗೆ ಮೊದಲು, ಮಕ್ಕಳಿಗೆ ಆಮೇಲೆ ಎಂದು ದೊಡ್ಡಪ್ಪ ತಾನೇ ನಿಂತು ಹಂಚಿದ. ಭಜನೆಯ ಯಜಮಾನರು ರಿಟೈರ್ಡ್ ಹೆಡ್‌ಮೇಷ್ಟ್ರು ನಂಜುಂಡಯ್ಯನವರು. ನಕ್ಕಿದ್ದನ್ನು ಯಾರೂ ಕಂಡವರಿಲ್ಲ. ಖಾಲಿ ಹೊಟ್ಟೆಗೆ ಮೂರು ಬಾಟಲಿ ಇಳಿಸಿದರು. ಸ್ವಲ್ಪ ಹೊತ್ತಿಗೆ ತಾಳ ತಪ್ಪಿತು. ಆಮೇಲೆ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಕುಣಿಯತೊಡಗಿದರು! ಕುಣಿಕುಣಿಯುತ್ತಲೇ ಹೋಗಿ, ತಲೆ ನೆರೆತ ಹಾರ್ಮೋನಿಯಂ ರಂಗಣ್ಣನ ಕುತ್ತಿಗೆ ತಬ್ಬಿ ಗೊಳೋ ಎಂದು ಅತ್ತರು.

"ಏಳನೇ ಕ್ಲಾಸಲ್ಲಿ ನಿಂಗೆ ಸುಮ್‌ಸುಮ್ನೆ ಬಾರ್ಸ್‌ಬುಟ್ಟೆ ಕಣ್ಲಾ ರಂಗ! ಕ್ಷಮಿಸ್ಬುಡ್ಲಾ!"

"ಹೋಗ್ಲಿ ಬುಡಿ ಸಾ, ಹೋಮ್‌ವರ್ಕು ನಾನೂ ಮಾಡಿರ್ಲಿಲ್ಲ," ಎಂದು ರಂಗಣ್ಣನೂ ಅತ್ತ.

"ಭಕ್ತಿ ಅಂದ್ರೆ ಇದು," ಅಂದ ದೊಡ್ಡಪ್ಪ ಕೈಮುಗಿದು. ಅಷ್ಟರಲ್ಲಿ ತಬಲಾದವನು ತಬಲಾದ ಮೇಲೆಯೇ ತಲೆಯಿಟ್ಟು ಗೊರಕೆ ಹೊಡೆಯತೊಡಗಿದ. ದೊಡ್ಡಪ್ಪ ಒಂದು ಬಾಟಲಿ ಎತ್ತಿ ಮೂಸಿದ. ಅವನ ಮುಖ ಇಷ್ಟಾಯಿತು.

ನಮ್ಮ ತಾತನನ್ನು ಹೆಂಡ ನುಂಗಿತ್ತು. ಹೆಂಡದಂಗಡಿ ಇದ್ದ ಬೀದಿಯನ್ನೇ ತುಳಿಯದೆ ಸುತ್ತು ಹಾಕಿಕೊಂಡು ಬರುತ್ತಿದ್ದ ಮನುಷ್ಯ ದೊಡ್ಡಪ್ಪ. ಈಗ ಅವನ ಕೈಯಿಂದಲೇ ಹೆಂಡ, ಅದೂ ರಾಮನ ಮುಂದೆ! ಉಳಿದ ಕ್ರೇಟುಗಳನ್ನು ಮೋರಿಯ ಹತ್ತಿರ ಎಳೆದ. ಒಂದೊಂದೇ ಬಾಟಲಿಯ ಗೋಲಿ ಒತ್ತಿ ಸುರಿದ. "ಅಯ್ಯಯ್ಯೋ, ಬ್ಯಾಡ ಕಣಣ್ಣೋ!" ಎಂದು ಭಜನೆಯವರು ಬಾಯಿ ಬಡಿದುಕೊಂಡರು.

ಮಾರನೇ ದಿನದಿಂದ ಶುರುವಾಯಿತು ನೋಡಿ. ಮೊದಲು ಮೇಷ್ಟ್ರೇ ಬಂದರು, ತಲೆ ಮೇಲೆ ಟವಲು ಮುಚ್ಚಿಕೊಂಡು. "ಗಂಟ್ಲು ಕಟ್ಟೈತೆ ಕಣಯ್ಯ. ಆ ಪಾನಕ ಒಂದೆರಡು ಬಾಟ್ಲಿ..." ಆಮೇಲೆ ಕ್ರೇಟು ವಾಪಸ್ ಕಳಿಸಿದ್ದ ಅಂಗಡಿಯವರೇ ಸಾಲುಗಟ್ಟಿದರು. "ಫ್ರಿಜ್ಜು ಹಾಳಾಗೋಗ್ಲಿ, ಬಕೀಟಲ್ಲಿ ಐಸ್ ಹಾಕಿ ಮಾರ್ತೀವಿ, ಮಾಡ್ಕೊಡಣ್ಣ!" ದೂರದ ಅಮೃತೂರಿನಿಂದಲೂ ಒಬ್ಬ ಬಂದಿದ್ದ.

"ಸತ್ರೂ ಮಾಡಾಕಿಲ್ಲ," ಅಂದ ದೊಡ್ಡಪ್ಪ.

ಮಾಡಲಿಲ್ಲ. ಮಳೆ ಹಿಡಿಯುವ ಮೊದಲೇ ಶೆಡ್ಡಿಗೆ ಬೀಗ ಬಿತ್ತು. ಅವನು ತೆಂಗಿನಕಾಯಿ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರಾದ. ದೊಡ್ಡಮ್ಮ ಮಾತ್ರ ವರ್ಷಗಟ್ಟಲೆ ಗೊಣಗಿದಳು, "ಬಂದ ಲಕ್ಷ್ಮೀನ ಮೋರಿಗೆ ಸುರ್ದ್ರು."

ಈಗ ನಾನಿರುವ ತುಮಕೂರಿನಲ್ಲಿ ಕುಡಿಯುವುದಕ್ಕೇನು ಬರವೇ? ಬಣ್ಣಬಣ್ಣದ್ದು ಸಿಗುತ್ತದೆ. ಆದರೆ ಉಳಿಯುವ ದಾರಿ ಕಣ್ಣೆದುರಿಗೇ ಇದ್ದೂ ಬೇಡವೆಂದು ಬೀಗ ಹಾಕಿದ ಇನ್ನೊಬ್ಬನನ್ನು ನಾನು ಕಾಣೆ.

ಹೋದ ವರ್ಷ ಕಣ್ಣಿನ ಆಪರೇಷನ್ನಿಗೆಂದು ದೊಡ್ಡಪ್ಪನನ್ನು ಇಲ್ಲಿಗೇ ಕರೆಸಿಕೊಂಡಿದ್ದೆ. ಬಾಯಾರಿಕೆ ಎಂದನೆಂದು ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಬಾಟಲಿ ತಂದುಕೊಟ್ಟೆ. ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ.

"ಅವತ್ತು ನಾನು ಒಂದ್ ತೊಟ್ಟೂ ನಾಲ್ಗೆ ಮ್ಯಾಲೆ ಇಟ್ಕಳಲಿಲ್ಲ ಕಣವ್ವ. ನೀನು ಕಂಬದ ಹಿಂದೆ ನಿಂತು ಕುಡಿದಿದ್ದು ನಂಗೊತ್ತು. ದಿಟ ಹೇಳು, ಹೆಂಗಿತ್ತು?"

ಇಷ್ಟು ಹೊತ್ತು ನಿಮಗೂ ಹೇಳಿರಲಿಲ್ಲ ನಾನು. "ಅಂಥಾದ್ದು ಆಮೇಲೆ ಎಲ್ಲೂ ಕುಡ್ದಿಲ್ಲ ದೊಡ್ಡಪ್ಪ," ಅಂದೆ.

ಪಟ್ಟಿ ಕಟ್ಟಿದ ಕಣ್ಣಿನ ಮುದುಕ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿದು ಪಕ್ಕಕ್ಕಿಟ್ಟ.

"ಸುರ್ದಿದ್ದೇ ಸರಿ ಬುಡು," ಅಂದ ಕೊನೆಗೆ. "ಆದ್ರೂ ಒಂದ್ ಬಾಟ್ಲಿ ಉಳಿಸ್ಕೋಬೇಕಿತ್ತು ಕಣವ್ವ."