ಅವರೆಕಾಳು ಪಾಸಾದ ವರ್ಷ

ಒಂದು ಪ್ಯಾಕೆಟ್ ಚಕ್ಕುಲಿಯನ್ನು ವಾಪಸು ಕೊಡುವುದಕ್ಕೆಂದೇ ನಾನು ಬಸ್ಸು ಹತ್ತಿ ತಿಪಟೂರಿಗೆ ಹೋದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ನಮ್ಮ ತೋಟದ ಮನೆ ಕಿಬ್ಬನಹಳ್ಳಿಯಿಂದ ಒಳಕ್ಕೆ ಎರಡು ಮೈಲಿ. ಮೊದಲು ಅಲ್ಲಿಯವರೆಗೆ ನಡೆಯಬೇಕು, ಆಮೇಲೆ ಬಸ್ಸು ಕಾಯಬೇಕು. ಅತ್ತೆ ಹಜಾರದಲ್ಲಿ ಕುಳಿತು ಸೋಗೆಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದವರು ತಲೆ ಎತ್ತದೆ, ಕೆಟ್ಟಿದ್ದರೆ ದನದ ಬಾನಿಗೆ ಸುರಿ, ಒಂದು ಪೊಟ್ಟಣ ಚಕ್ಕುಲಿಗೋಸ್ಕರ ಬಸ್ಸು ಹತ್ತುವವರನ್ನು ನಾನು ಎಲ್ಲೂ ಕಂಡಿಲ್ಲ ಎಂದರು. ನನಗೆ ಮಾತ್ರ ಅದನ್ನು ದನಕ್ಕೆ ಹಾಕುವುದೂ ಅನ್ಯಾಯ ಅನ್ನಿಸಿತ್ತು.

ಆ ಅಂಗಡಿ ಹೊಸದು. ಬುಟ್ಟಿ ಹಿಡಿದುಕೊಂಡು ಬೇಕಾದ್ದನ್ನು ನಾವೇ ತೆಗೆದುಕೊಳ್ಳುವಂಥ ಅಂಗಡಿಯನ್ನು ನಾನು ಅದೇ ಮೊದಲು ಕಂಡದ್ದು. ಬೋರ್ಡಿನ ಮೇಲೆ ಸೂಪರ್ ಮಾರ್ಕೆಟ್ ಎಂದಿತ್ತು. ಬಾಗಿಲ ಎದುರಿಗೇ ಇದ್ದ ಒಂದು ದೊಡ್ಡ ಸ್ಟ್ಯಾಂಡಿನ ಮಾಲು ಕಾಲಕಾಲಕ್ಕೆ ಬದಲಾಗುತ್ತಿತ್ತು. ಬೇಸಿಗೆಯಲ್ಲಿ ಹಲಸಿನ ಚಿಪ್ಸು, ಸಂಡಿಗೆ. ಗೌರಿ ಹಬ್ಬಕ್ಕೆ ಕೋಡುಬಳೆ, ನಿಪ್ಪಟ್ಟು. ದೀಪಾವಳಿಗೆ ಚಕ್ಕುಲಿ. ಚಳಿಗಾಲಕ್ಕೆ ಅವರೆಕಾಳಿನ ಮಿಕ್ಸ್ಚರು. ಮಕ್ಕಳು ಹಟ ಮಾಡಿ ತರಿಸಿಕೊಂಡ ಚಕ್ಕುಲಿಯನ್ನು ನಾನು ಒಂದು ಸುತ್ತು ಮುರಿದು ತಿಂದು ಹಾಗೇ ಕವರು ಮಡಿಚಿಟ್ಟಿದ್ದೆ.

ನನ್ನ ನಾಲಿಗೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ನನ್ನಪ್ಪ ಕೊಬ್ಬರಿ ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸದಲ್ಲಿದ್ದವನು. ಉಂಡೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಉಗುರಿನಿಂದ ತಟ್ಟಿ, ಕಣ್ಣಿನ ಜಾಗದಲ್ಲಿ ಮೂಸಿ, ಒಳಗೆ ಕೆಟ್ಟಿದೆಯೋ ಇಲ್ಲವೋ ಒಡೆಯದೆ ಹೇಳುತ್ತಿದ್ದ. ಒಳಗೆ ಕೆಟ್ಟ ಕೊಬ್ಬರಿಗೆ ನಮ್ಮ ಕಡೆ ಕೌಟು ಅನ್ನುತ್ತಾರೆ. ನಾನು ಅವನಿಗೆ ಬುತ್ತಿ ತೆಗೆದುಕೊಂಡು ಹೋದಾಗಲೆಲ್ಲ ಎರಡು ಚೂರು ಕೊಟ್ಟು ಯಾವುದು ಒಳ್ಳೆಯದು ಎಂದು ಕೇಳುತ್ತಿದ್ದ. ನಾನು ಬಾಯಿಗಿಟ್ಟ ಕೂಡಲೇ ಉತ್ತರ ಕೊಡಲು ಹೋದರೆ ತಡೆಯುತ್ತಿದ್ದ.

"ಈಗ್ಲೇ ಹೇಳ್ಬ್ಯಾಡ ಮಗ. ನುಂಗು. ನುಂಗಿ ಸುಮ್ಕಿರು. ಒಳ್ಳೇದು ಮುಂದೆ ಬತ್ತದೆ, ಕೆಟ್ಟದ್ದು ಹಿಂದೆ ಬತ್ತದೆ."

ಹತ್ತು ವರ್ಷಕ್ಕೇ ನಾನು ತಪ್ಪುವುದು ನಿಂತಿತ್ತು. ಆದರೆ ಮದುವೆಯಾಗಿ ಬಂದ ಮನೆಯಲ್ಲಿ ಇದು ಗುಣವಾಗಲಿಲ್ಲ, ದೋಷವಾಯಿತು. ಎಣ್ಣೆ ಹಳತು ಎಂದರೆ, ಹಿಟ್ಟು ಮುಗ್ಗಲು ಎಂದರೆ, ಅತ್ತೆ ನನ್ನನ್ನು ನಾಲಿಗೆ ಚಪಲದವಳು ಎಂದು ಬಂದವರ ಮುಂದೆ ಹೇಳುತ್ತಿದ್ದರು.

ಅಂಗಡಿಯ ಮಾಲೀಕರು ನಲವತ್ತರ ಆಸುಪಾಸಿನವರು, ಇಸ್ತ್ರಿ ಕೆಡದ ಶರಟು ಹಾಕುವವರು. ನನ್ನ ಪ್ಯಾಕೆಟ್ಟನ್ನು ತಿರುಗಿಸಿ ನೋಡಿ, ತಾರೀಕು ಇನ್ನೂ ಮೂರು ತಿಂಗಳಿದೆ, ಸೀಲ್ ಮಾಡಿದ ಮಾಲು, ನೀವು ಮನೆಯಲ್ಲಿ ಬಿಚ್ಚಿಟ್ಟು ಮೆತ್ತಗಾಗಿರಬೇಕು ಎಂದರು. ಮೆತ್ತಗಾಗಿಲ್ಲ, ಗರಿಗರಿಯಾಗೇ ಇದೆ, ಎಣ್ಣೆ ಕಮಟು ಎಂದೆ. ನನ್ನ ಹಿಂದೆ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರು ಕತ್ತು ಚಾಚಿದರು. ಮಾಲೀಕರಿಗೆ ಕೋಪ ಬಂತು. ಸ್ಟ್ಯಾಂಡಿನಿಂದ ಹೊಸ ಪ್ಯಾಕೆಟ್ಟೊಂದನ್ನು ತಂದು ಎಲ್ಲರೆದುರಿಗೆ ಹರಿದು, ಒಂದು ಚಕ್ಕುಲಿ ಬಾಯಿಗೆ ಹಾಕಿಕೊಂಡು ಕಟಕಟ ಅಗಿದರು.

"ಚೆನ್ನಾಗೇ ಇದೆಯಲ್ರೀ."

"ನೀರು ಕುಡೀಬೇಡಿ ಅಣ್ಣಾವ್ರೆ. ಮಾತೂ ಆಡ್ಬೇಡಿ. ಮನಸ್ನಲ್ಲೇ ಇಪ್ಪತ್ತು ಎಣಿಸಿ," ಎಂದೆ.

ಹಟಕ್ಕೆ ಬಿದ್ದು ಅವರು ಸುಮ್ಮನೆ ನಿಂತರು. ಹತ್ತೋ ಹನ್ನೆರಡೋ ಎಣಿಸುವ ಹೊತ್ತಿಗೆ ಅವರ ಮುಖ ಸಣ್ಣಗೆ ಕಿವುಚಿಕೊಂಡಿತು. ಗಂಟಲು ಸವರಿಕೊಂಡರು. ದೇವರ ಗೂಡಿನ ಹಳೆ ದೀಪದ ಎಣ್ಣೆಯನ್ನು ಗಂಟಲಿಗೆ ಬಳಿದ ಹಾಗಾಯಿತು ಎಂದು ಮೆಲ್ಲಗೆ ಒಪ್ಪಿಕೊಂಡರು. ಸ್ಟ್ಯಾಂಡಿನ ಹತ್ತಿರ ಹೋಗಿ, ಆ ಚಕ್ಕುಲಿ ಪ್ಯಾಕೆಟ್ಟುಗಳನ್ನೆಲ್ಲ ತಮ್ಮ ಕೈಯಿಂದಲೇ ತೆಗೆದು ರಟ್ಟಿನ ಪೆಟ್ಟಿಗೆಗೆ ತುಂಬಿದರು. ನಾನು ಸೊಸೆಯಾಗಿ ಬಂದ ಮೇಲೆ ನನ್ನ ನಾಲಿಗೆಯ ಮಾತನ್ನು ನಂಬಿ ಒಬ್ಬರು ನಡೆದುಕೊಂಡದ್ದು ಅದೇ ಮೊದಲು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಊರು ಬರುವವರೆಗೂ ಒಬ್ಬಳೇ ನಗುತ್ತಿದ್ದೆ.

ಮುಂದಿನ ಹಬ್ಬಕ್ಕೆ ಮೊದಲೇ ಮಾಲೀಕರಿಂದ ಹೇಳಿಕೆ ಬಂತು. ಸ್ಟ್ಯಾಂಡಿಗೆ ಇಡುವುದಕ್ಕೆ ಮುಂಚೆ ಒಂದು ಸಲ ಬಂದು ರುಚಿ ನೋಡಿ ಹೇಳಿ ಹೋಗಬೇಕಂತೆ. ತಿನ್ನುವುದೂ ಒಂದು ಕೆಲಸವೇ ಎಂದು ಅತ್ತೆ ಕೇಳಿದರು. ಯಜಮಾನರು ನಕ್ಕರು, ಆದರೆ ಸ್ಕೂಟರಿನಲ್ಲಿ ಕಿಬ್ಬನಹಳ್ಳಿಯವರೆಗೂ ಬಿಟ್ಟು ಬಂದರು.

ಹೀಗೆ ವರ್ಷಕ್ಕೆ ಆರೇಳು ಸಲ ನಾನು ಆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸಕ್ಕರೆ ಮೂಟೆಗಳ ನಡುವೆ ಸ್ಟೂಲಿನ ಮೇಲೆ ಕೂರತೊಡಗಿದೆ. ಎದುರಿಗೆ ತಟ್ಟೆಗಳು, ಪಕ್ಕದಲ್ಲಿ ಬಿಸಿನೀರು, ನಡುನಡುವೆ ಬಾಯಿಯ ರುಚಿ ಕಳೆಯಲು ಒಂದು ಹಿಡಿ ಸಪ್ಪೆ ಮಂಡಕ್ಕಿ. ಮೊದಲು ಕಿವಿಯ ಹತ್ತಿರ ಮುರಿಯುವುದು. ಆಮೇಲೆ ಮೂಸುವುದು. ಆಮೇಲೆ ನಾಲಿಗೆ. ಕೊನೆಗೆ ನುಂಗಿ ಕಾಯುವುದು. ಹಲಸಿನ ಚಿಪ್ಸಿನಲ್ಲಿ ಬಲಿಯದ ತೊಳೆ ಇದ್ದರೆ ಹಲ್ಲಿಗೆ ಅಂಟುತ್ತಿತ್ತು. ಬೆಣ್ಣೆ ಮುರುಕು ಎಂದು ಬರೆದದ್ದರಲ್ಲಿ ಬೆಣ್ಣೆ ಬಣ್ಣಕ್ಕೆ ಮಾತ್ರ ಇರುತ್ತಿತ್ತು. ಒಂದು ಸಲ ಪುದೀನ ರುಚಿಯ ಆಲೂ ಚಿಪ್ಸು ಬಂದಿತ್ತು, ಅದನ್ನು ತಿಂದರೆ ಹಲ್ಲುಜ್ಜಿ ಬಂದ ಹಾಗಿತ್ತು. ಇದನ್ನು ಬೆಳಿಗ್ಗೆ ಬಚ್ಚಲ ಹತ್ತಿರ ಇಡಿ ಎಂದೆ. ಮಾಲೀಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಆದರೆ ಅದನ್ನು ಸ್ಟ್ಯಾಂಡಿಗೆ ಇಡಲಿಲ್ಲ. ನಾನು ಪಾಸು ಎಂದದ್ದು ಒಳಗೆ, ಫೇಲು ಎಂದದ್ದು ವಾಪಸು.

ಮೂರನೇ ವರ್ಷದ ಚಳಿಗಾಲದಲ್ಲಿ ತಕರಾರು ಬಂತು. ಬೆಂಗಳೂರಿನ ಕಡೆಯಿಂದ ವ್ಯಾನಿನಲ್ಲಿ ಮಾಲು ತರುವ ಒಬ್ಬ ಏಜೆಂಟರು ಆ ಸಲ ಹೊಳೆಯುವ ಕವರಿನ ಅವರೆಕಾಳು ಮಿಕ್ಸ್ಚರು ಇಳಿಸಿದ್ದರು. ಕವರಿನ ಮೇಲೆ ಈ ಸೀಸನ್ನಿನ ತಾಜಾ ಅವರೆ ಎಂದಿತ್ತು. ನಾನು ಒಂದು ಬೇಳೆ ಬಾಯಿಗೆ ಹಾಕಿದೆ. ಸೊಗಡೇ ಇಲ್ಲ. ಇನ್ನೊಂದನ್ನು ಉಗುರಿನಲ್ಲಿ ಸೀಳಿದೆ. ನಡುವೆ ಕಲ್ಲಿನಂಥ ಬಿಳಿ ತಿರುಳು. ಹಸಿ ಅವರೆಯನ್ನು ಹಿತುಕಿ ಕರಿದರೆ ಹೂವಿನ ಎಸಳಿನಂತೆ ಅರಳುತ್ತದೆ. ಇದು ಹೋದ ವರ್ಷದ ಒಣಗಿದ ಕಾಳು, ನೆನೆಸಿ ಕರಿದದ್ದು. ಫೇಲು ಎಂದೆ.

ಏಜೆಂಟರು ಅಲ್ಲೇ ಇದ್ದರು. ಅವರು ನನ್ನ ಕಡೆ ನೋಡಲಿಲ್ಲ, ಮಾಲೀಕರ ಕಡೆ ತಿರುಗಿ ಮಾತಾಡಿದರು. ತೋಟದಿಂದ ಬಂದ ಹೆಂಗಸಿನ ಮಾತು ಕೇಳಿ ಅಂಗಡಿ ನಡೆಸುತ್ತೀರಾ, ಊರಿನ ಎಲ್ಲ ಅಂಗಡಿಯವರೂ ಬಾಯಿ ಮುಚ್ಚಿಕೊಂಡು ತೆಗೆದುಕೊಂಡಿದ್ದಾರೆ, ಇದಕ್ಕಿಂತ ಒಳ್ಳೆಯದು ಈ ಸೀಮೆಯಲ್ಲಿ ಯಾರ ಹತ್ತಿರ ಇದೆ ತೋರಿಸಲಿ ಎಂದರು. ನನ್ನ ಕಿವಿ ಬಿಸಿಯಾಯಿತು. ಮುಂದಿನ ಸೋಮವಾರ ತೋರಿಸುತ್ತೇನೆ ಎಂದುಬಿಟ್ಟೆ. ಹೇಳಿ ಹೊರಗೆ ಬಂದ ಮೇಲೆ, ಎಲ್ಲಿಂದ ತೋರಿಸಲಿ ಎಂದು ದಿಗಿಲಾಯಿತು.

ನಿಜ ಹೇಳಬೇಕೆಂದರೆ, ಎಲ್ಲಿಂದ ಎಂದು ನನಗೆ ಗೊತ್ತಿತ್ತು. ನಾನು ತಿಂದ ಅವರೆಕಾಳಿನಲ್ಲೆಲ್ಲ ಮೇಲಾದದ್ದು ನಮ್ಮತ್ತೆ ಕರಿದದ್ದು. ಅವರು ಅದಕ್ಕೆ ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಜಜ್ಜಿ ಹಾಕುತ್ತಿದ್ದರು, ಕೊಬ್ಬರಿಯನ್ನು ಕಾಗದದಷ್ಟು ತೆಳ್ಳಗೆ ಹೆರೆದು ಕರಿದು ಸೇರಿಸುತ್ತಿದ್ದರು. ಹನ್ನೊಂದು ವರ್ಷ ಅದನ್ನು ತಿಂದಿದ್ದೆ, ಚೆನ್ನಾಗಿದೆ ಎಂದು ಬಾಯಿಬಿಟ್ಟು ಒಂದು ಸಲವೂ ಹೇಳಿರಲಿಲ್ಲ. ಅವರು ನನ್ನ ನಾಲಿಗೆಯನ್ನು ಆಡಿಕೊಂಡರು, ನಾನು ಅವರ ಕೈಯನ್ನು ಹೊಗಳಲಿಲ್ಲ. ಲೆಕ್ಕ ಸಮ ಎಂದುಕೊಂಡಿದ್ದೆ.

ಆ ಸಂಜೆ ಒಲೆ ಮುಂದೆ ಕುಳಿತು ನಡೆದದ್ದನ್ನೆಲ್ಲ ಹೇಳಿದೆ. ಏಜೆಂಟರ ಮಾತನ್ನೂ ಹೇಳಿದೆ. ಅತ್ತೆ ಕೆಂಡ ಕೆದಕಿದರು. ತೋಟದ ಹೆಂಗಸು ಅಂದನೇ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಮಾರನೆಯ ದಿನವೇ ಅವರೆಕಾಯಿ ಬಿಡಿಸಿ, ಕಾಳು ನೆನೆಹಾಕಿ, ಮನೆಯವರನ್ನೆಲ್ಲ ಕೂರಿಸಿ ಹಿತುಕಿಸಿ, ಬಿಳಿ ಪಂಚೆಯ ಮೇಲೆ ಆರಹಾಕಿ, ಕರಿದರು. ಒಂದು ಹಿಡಿ ತಂದು ನನ್ನ ಅಂಗೈಗೆ ಹಾಕಿ ಎದುರಿಗೇ ನಿಂತರು.

ತಿಂದೆ. ಬೇಳೆ ಅರಳಿತ್ತು, ಖಾರ ಉಪ್ಪು ಹದವಾಗಿತ್ತು. ನುಂಗಿ ಸುಮ್ಮನಿದ್ದೆ. ಹಿಂದಿನಿಂದ ಏನೋ ಬಂತು. ಹೇಳಬೇಕೋ ಬೇಡವೋ ಎಂದು ಒದ್ದಾಡಿದೆ. ಆದರೆ ಏಜೆಂಟರಿಗೆ ಒಂದು ನ್ಯಾಯ, ನಮ್ಮ ಮನೆಗೆ ಒಂದು ನ್ಯಾಯ ಮಾಡಿದರೆ ಆ ಸ್ಟೂಲಿನ ಮೇಲೆ ಮತ್ತೆ ಯಾವ ಮುಖ ಹೊತ್ತು ಕೂರಲಿ?

"ಅತ್ತೆ, ಕೊಬ್ಬರೀಲಿ ಕೌಟು ಇದೆ," ಎಂದೆ.

"ಏನಂದೆ? ನಮ್ಮಟ್ಟದ ಕೊಬ್ಬರಿ ಕಣೇ ಅದು. ನಿಮ್ಮಪ್ಪ ಆರಿಸ್ತಿದ್ದ ಕಂಡೋರ ಕೊಬ್ಬರಿ ಅಲ್ಲ."

ಅಷ್ಟೇ. ಆಮೇಲೆ ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕರೆದರೆ ಮಗನಿಗೆ ಉತ್ತರ ಹೇಳುತ್ತಿದ್ದರು. ಮೂರನೆಯ ದಿನ ಮಧ್ಯಾಹ್ನ ಅಟ್ಟದ ಮೇಲಿನಿಂದ ಟಕ್ ಟಕ್ ಎಂದು ಕೊಬ್ಬರಿ ಒಡೆಯುವ ಸದ್ದು ಕೇಳಿಸಿತು. ಏಣಿ ಹತ್ತಿ ನೋಡಿದರೆ, ಅರವತ್ತೈದು ದಾಟಿದ ಹೆಂಗಸು ಧೂಳಿನಲ್ಲಿ ಕಾಲು ಚಾಚಿ ಕುಳಿತು, ಒಂದೊಂದೇ ಉಂಡೆ ಒಡೆದು ಮೂಸುತ್ತಿದ್ದಾರೆ. ಪಕ್ಕದಲ್ಲಿ ಎರಡು ರಾಶಿ. ಹೆಂಚಿನ ಸಂದಿಯಿಂದ ಮಳೆನೀರು ಇಳಿದ ಮೂಲೆಯ ಕೊಬ್ಬರಿಯೆಲ್ಲ ಒಳಗೆ ಹಳದಿ ತಿರುಗಿತ್ತು. ನನ್ನನ್ನು ಕಂಡು ಅವರು ಒಂದು ಉಂಡೆಯನ್ನು ನನ್ನ ಕಡೆ ಉರುಳಿಸಿದರು. ನಾನು ಕಿವಿಗಿಟ್ಟು ಅಲ್ಲಾಡಿಸಿ, ಮೂಸಿ, ಒಳ್ಳೆಯ ರಾಶಿಗೆ ಹಾಕಿದೆ. ಅವರು ಅದನ್ನು ಎತ್ತಿ ಒಡೆದು ನೋಡಿದರು. ಹಾಲಿನಂತೆ ಬೆಳ್ಳಗಿತ್ತು. ಆಮೇಲೆ ಸಂಜೆಯವರೆಗೂ ನಾನು ಆರಿಸಿದೆ, ಅವರು ಒಡೆಯುವುದನ್ನು ಬಿಟ್ಟುಬಿಟ್ಟರು. ಭಾನುವಾರ ಹೊಸದಾಗಿ ಕರಿದರು. ನಾನು ತಿಂದು, ನುಂಗಿ, ಕಾದು, ಇನ್ನೊಂದು ಹಿಡಿಗೆ ಕೈ ಚಾಚಿದೆ. ಅವರಿಗೆ ಅರ್ಥವಾಯಿತು.

ಸೋಮವಾರ ಸ್ಟೀಲ್ ಡಬ್ಬದಲ್ಲಿ ತುಂಬಿಕೊಂಡು ಹೋದೆ. ಏಜೆಂಟರೂ ಬಂದಿದ್ದರು. ಮಾಲೀಕರು ಒಂದು ಉಪಾಯ ಮಾಡಿದರು. ಒಳಗೆ ಹೋಗಿ ನಮ್ಮದರ ಕೊಬ್ಬರಿ ಚೂರು, ಬೆಳ್ಳುಳ್ಳಿ, ಅವರದರ ಕಡಲೆಬೀಜ, ಕರಿಬೇವು ಎಲ್ಲ ಆರಿಸಿ ತೆಗೆದು, ಬರೀ ಅವರೆಬೇಳೆಯನ್ನು ಎರಡು ತಟ್ಟೆಗೆ ಹಾಕಿ ತಂದರು. ಯಾವುದು ಯಾರದೆಂದು ತಟ್ಟೆಯ ತಳದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿದ್ದರು. ನನ್ನನ್ನು ಕೇಳಲಿಲ್ಲ. ಏಜೆಂಟರ ಮುಂದೆ ಇಟ್ಟು, ನಿಮ್ಮ ಮಾಲು ಯಾವುದು ನೀವೇ ಹೇಳಿ ಎಂದರು.

ಏಜೆಂಟರು ಎಡಗಡೆಯದರಲ್ಲಿ ಎರಡು ಕಾಳು ತಿಂದರು. ಬಲಗಡೆಯದರಲ್ಲಿ ಎರಡು. ಮತ್ತೆ ಬಲಗಡೆಯದರಲ್ಲಿ ಒಂದು ಹಿಡಿ. ಅಗಿಯುತ್ತಲೇ ಆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಇದು ನಮ್ದು. ನಾಲ್ಗೆ ಮೇಲಿಟ್ರೇ ಗೊತ್ತಾಗುತ್ತೆ ಸಾರ್."

ಮಾಲೀಕರು ಮಿಕ್ಕದ್ದನ್ನು ಕಾಗದದ ಮೇಲೆ ಸುರಿದು ತಟ್ಟೆಯನ್ನು ಮಗುಚಿದರು. ತಳದಲ್ಲಿ ತೋಟ ಎಂದು ಬರೆದಿತ್ತು. ಕ್ಯಾಷಿನಲ್ಲಿ ಕೂತಿದ್ದ ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ನಗಲಿಲ್ಲ. ಎದೆಯೊಳಗೆ ಮಾತ್ರ ನಾದಸ್ವರ ಊದಿದ ಹಾಗಿತ್ತು. ಏಜೆಂಟರು ತಟ್ಟೆಯ ತಳವನ್ನು ಓದಿದರು. ಆಮೇಲೆ ಕಾಗದದ ಮೇಲಿನದನ್ನು ಇನ್ನೊಂದು ಹಿಡಿ ಬಾಯಿಗೆ ಹಾಕಿಕೊಂಡು, ಇದನ್ನು ಕರಿದವರು ಯಾರು ಎಂದು ನನ್ನನ್ನೇ ನೇರವಾಗಿ ಕೇಳಿದರು. ನಮ್ಮತ್ತೆ ಎಂದೆ. ಅವರು ತಮ್ಮ ಪೆಟ್ಟಿಗೆಗಳನ್ನು ವ್ಯಾನಿಗೆ ತುಂಬಿಸಿಕೊಂಡು ಹೋದರು. ಅವರ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಮರುವರ್ಷ ಅವರು ತಂದದ್ದು ನಿಜವಾಗಿಯೂ ಹಸಿ ಅವರೆಯದಾಗಿತ್ತು, ನಾನು ಎರಡನೆಯ ಮಾತಿಲ್ಲದೆ ಪಾಸು ಮಾಡಿದೆ.

ಪರೀಕ್ಷೆ ನಡೆದ ಆ ಚಳಿಗಾಲದಲ್ಲಿ, ಮಾಲೀಕರೇ ಕೇಳಿದ್ದರಿಂದ, ಬಾಗಿಲ ಎದುರಿನ ಸ್ಟ್ಯಾಂಡಿನಲ್ಲಿ ನಮ್ಮ ಮನೆಯ ಅವರೆಕಾಳು ಕೂತಿತು. ಕವರಿನ ಮೇಲೆ ಹೆಸರೇನೂ ಇರಲಿಲ್ಲ. ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಇರುತ್ತಿರಲಿಲ್ಲ. ತುರುವೇಕೆರೆಯಿಂದ ಬಂದವರು, ಚಿಕ್ಕನಾಯಕನಹಳ್ಳಿಯಿಂದ ಬಂದವರು, ಕೊಬ್ಬರಿ ಚೂರು ಹಾಕಿದ್ದು ಇದೆಯಾ ಎಂದು ಕೇಳುತ್ತಿದ್ದರಂತೆ. ನಾನು ಇದನ್ನು ಬಂದು ಹೇಳಿದರೆ ಅತ್ತೆ ನಂಬಲಿಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲಕ್ಕೆ ಅಚ್ಚು ತರಬೇಕು ಎಂಬ ನೆಪ ಮಾಡಿ, ಟ್ರಂಕಿನ ಸೀರೆ ಉಟ್ಟು ನನ್ನ ಜೊತೆ ಹೊರಟರು.

ಅಂಗಡಿಯಲ್ಲಿ ಅವರು ಬುಟ್ಟಿ ಹಿಡಿದು ಸ್ಟ್ಯಾಂಡಿನ ಪಕ್ಕ ನಿಂತೇ ಇದ್ದರು. ಯಾರೋ ಒಬ್ಬ ಹೆಂಗಸು ಪ್ಯಾಕೆಟ್ಟು ಎತ್ತಿಕೊಂಡು, ಇದು ಚೆನ್ನಾಗಿರುತ್ತಾ ಎಂದು ಅವರನ್ನೇ ಕೇಳಿದಳು.

"ತಗೊಳವ್ವ. ನಮ್ ಸೊಸೆ ತಿಂದು ಒಪ್ಪಿದ್ ಮೇಲೇ ಇಲ್ಲಿಗಿಡೋದು. ಅವ್ಳು ಸುಮ್ಸುಮ್ಕೆ ಒಪ್ಪೋಳಲ್ಲ," ಎಂದರು.

ನಾನು ಸಾಬೂನಿನ ಸಾಲಿನ ಹಿಂದೆ ನಿಂತು ಕೇಳಿಸಿಕೊಂಡೆ. ಮುಂದೆ ಹೋಗಲಿಲ್ಲ. ಹೊರಡುವಾಗ ನೋಡಿದರೆ ಅವರ ಬುಟ್ಟಿಯಲ್ಲೂ ಒಂದು ಪ್ಯಾಕೆಟ್ಟು ಇತ್ತು. ಅಂಗಡಿಯಿಂದ ಕೊಂಡುಕೊಂಡರೆ ಹೇಗಿರುತ್ತದೆ ನೋಡೋಣ ಎಂದು ಮಾಲೀಕರು ಬೇಡವೆಂದರೂ ಕೇಳದೆ ದುಡ್ಡು ಕೊಟ್ಟರು.

ಬಸ್ಸು ಹೊರಟ ಕೂಡಲೇ ಅದನ್ನು ಹಲ್ಲಿನಲ್ಲಿ ಹರಿದು ನನಗೊಂದು ಹಿಡಿ ಕೊಟ್ಟು ತಾವೂ ಬಾಯಿಗೆ ಹಾಕಿಕೊಂಡರು. ಬೆಳ್ಳುಳ್ಳಿಯ ಘಮಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಅವರಿಗೂ ಕೊಟ್ಟರು. ಅವರು ತಿಂದು, ಎಲ್ಲಿ ತಂದಿರಿ ಎಂದು ಕೇಳಿ, ಪ್ಯಾಕೆಟ್ಟನ್ನು ಮುಂದಕ್ಕೆ ಸಾಗಿಸಿದರು. ಅದು ಸೀಟಿನಿಂದ ಸೀಟಿಗೆ ಹೋಗಿ ಕಂಡಕ್ಟರ ಕೈ ಸೇರಿ, ಡ್ರೈವರಿಗೂ ತಲುಪಿತು. ಕಿಬ್ಬನಹಳ್ಳಿಯಲ್ಲಿ ಇಳಿಯುವಾಗ ಕಂಡಕ್ಟರು ಖಾಲಿ ಕವರನ್ನು ಅತ್ತೆಯ ಕೈಗೆ ಕೊಟ್ಟು, ನಾಳೆಯೂ ಇದೇ ಬಸ್ಸಿಗೆ ಬನ್ನಿ ಅಜ್ಜಿ ಎಂದರು. ಅತ್ತೆ ಕವರನ್ನು ನಾಲ್ಕಾಗಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಭುಜ ಹಿಡಿದು ಇಳಿದರು. ಎರಡು ಮೈಲಿ ದಾರಿಯುದ್ದಕ್ಕೂ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು.