ದೊಡ್ಡಮ್ಮನಿಗೆ ಘಮ ಹೇಳುವ ಮಕ್ಕಳು

ಸೂರ್ಯ ಏಳುವ ಮೊದಲೇ ಮಕ್ಕಳ ಹಾಸ್ಟೆಲ್ಲಿನ ಅಡುಗೆಮನೆಗೆ ಎಚ್ಚರವಾಗಿದೆ. ಕಿಟಕಿಯ ಗಾಜಿನ ಮೇಲೆಲ್ಲ ಹಬೆ. ನಿದ್ದೆಗಣ್ಣಿನ ಐದಾರು ಮಕ್ಕಳು ಕೈ ತೊಳೆದು, ತಮಗಿಂತ ಉದ್ದದ ಏಪ್ರನ್ ಎಳೆದುಕೊಳ್ಳುತ್ತ ಸ್ಟೂಲು ಹತ್ತಿ ನಿಲ್ಲುತ್ತಾರೆ. ಪಾತ್ರೆಯಲ್ಲಿ ಈರುಳ್ಳಿ ಮೆಲ್ಲಗೆ ಚುರುಗುಡುತ್ತಿದೆ. ಅಡುಗೆಯಾಕೆ ಸೌಟು ನಿಲ್ಲಿಸಿ ಕೇಳುತ್ತಾರೆ: “ಹೇಳ್ರಪ್ಪ, ಈಗ ಹೇಗಿದೆ ವಾಸನೆ?”

“ಇನ್ನೂ ಹಸಿ, ದೊಡ್ಡಮ್ಮ. ಕಣ್ಣು ಉರೀತಿದೆ,” ಎನ್ನುತ್ತಾನೆ ಒಬ್ಬ. ಸ್ವಲ್ಪ ಹೊತ್ತು ಬಿಟ್ಟು ಎರಡು ಜಡೆಯ ಹುಡುಗಿ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಾಳೆ. “ಈಗ ಸಿಹಿ ಬಂತು. ಬಿಸಿಲಿಗೆ ಹಾಕಿ ತಂದ ಹೊದಿಕೆ ಥರ.” ದೊಡ್ಡಮ್ಮ ತಲೆಯಾಡಿಸಿ ಕುಂಬಳಕಾಯಿ ಹೋಳು ಸುರಿಯುತ್ತಾರೆ.

ಪಾಠ ಹೇಳುವ ಹೊಸ ವರಸೆ ಇರಬೇಕೆಂದು, ಇವರ ಬಗ್ಗೆ ಬರೆಯಲು ಬಂದ ನಾನು ತಲೆದೂಗಿದ್ದೆ. ವರಸೆಯೂ ಇಲ್ಲ, ಮಣ್ಣೂ ಇಲ್ಲ! ದೊಡ್ಡಮ್ಮನಿಗೆ ನಿಜಕ್ಕೂ ವಾಸನೆ ತಿಳಿಯುವುದಿಲ್ಲ. ಹಿಂದೊಮ್ಮೆ ಬಂದ ಜ್ವರ ಹೋಗುವಾಗ ಅದನ್ನೂ ಕಟ್ಟಿಕೊಂಡು ಹೋಗಿದೆ. “ಉಪ್ಪು, ಹುಳಿ ನಾಲಿಗೆಗೆ ಗೊತ್ತಾಗತ್ತೆ. ಘಮ ಇಲ್ಲ. ಮೊದಮೊದಲು ಗೋಡೆ ಆಚೆ ಯಾರೋ ಹಾಡಿದ ಹಾಗೆ ಇರ್ತಿತ್ತು. ಆಮೇಲೆ ಅದೂ ನಿಂತೋಯ್ತು.”

ಬೇಕರಿಯಲ್ಲಿ ಹಿಟ್ಟು ನಾದಿ ನಾದಿ ಒಬ್ಬಳೇ ಮಗಳನ್ನು ಓದಿಸಿ, ಮದುವೆ ಮಾಡಿ, ಆಮೇಲೆ ಈ ಹಾಸ್ಟೆಲ್ಲಿಗೆ ಬಂದವರು ಇವರು. ದಿನಕ್ಕೆ ಅರವತ್ತು ಮಕ್ಕಳ ಊಟ. ಜ್ವರದ ನಂತರ ಒಂದು ಬೆಳಿಗ್ಗೆ ಹಾಲು ತಳ ಹತ್ತಿತು. ಅವರಿಗೆ ಗೊತ್ತೇ ಆಗಲಿಲ್ಲ. ಅರವತ್ತೂ ಮಕ್ಕಳು ಆ ಸೀದ ಹಾಲನ್ನು ಕಮಕ್ ಕಿಮಕ್ ಎನ್ನದೆ ಕುಡಿದು ಲೋಟ ತೊಳೆದಿಟ್ಟರು. ತಳ ಉಜ್ಜುವಾಗಲೇ ದೊಡ್ಡಮ್ಮನಿಗೆ ಸಂಗತಿ ತಿಳಿದದ್ದು.

“ನಂಗೆ ಬೇಜಾರಾಗತ್ತೆ ಅಂತ ಕುಡಿದ್ರಂತೆ. ಕೂತು ಅತ್ತೆ. ಆಮೇಲೆ ಸಿಟ್ಟೂ ಬಂತು. ಬನ್ನಿ ಒಳಗೆ, ಅಡುಗೆ ಕಲೀರಿ, ಆದ್ರೆ ಮೂಗಿಗೆ ಬಂದದ್ದು ಬಾಯಿಗೆ ಬರ್ಬೇಕು ಅಂದೆ.” ಅಂದಿನಿಂದ ಮಕ್ಕಳು ಸರದಿಯ ಮೇಲೆ ಬರುತ್ತಾರೆ. ಸಿಪ್ಪೆ ಸುಲಿಯುತ್ತಾರೆ, ಹೆಚ್ಚುತ್ತಾರೆ, ಕಲಕುತ್ತಾರೆ, ಮೂಸಿ ಹೇಳುತ್ತಾರೆ.

ವಾರ್ಡನ್ ಮೇಡಂಗೆ ಇದು ಸರಿ ಕಂಡಿಲ್ಲ. “ಗ್ಯಾಸ್ ಸೋರಿದ್ರೂ ತಿಳಿಯದವರ ಕೈಗೆ ಮಕ್ಕಳನ್ನ ಹೇಗೆ ಬಿಡಲಿ, ನೀವೇ ಹೇಳಿ?” ಎಂದು ನನ್ನನ್ನೇ ಕೇಳುತ್ತಾರೆ. ತಪ್ಪೇನಲ್ಲ ಅವರ ಮಾತು. ಇವತ್ತು ಖುದ್ದು ನೋಡಲು ಬಂದು ಬಾಗಿಲಲ್ಲಿ ನಿಂತಿದ್ದಾರೆ. ಅವರಿಗೆ ಒಪ್ಪಿಗೆಯಾಗದಿದ್ದರೆ ದೊಡ್ಡಮ್ಮ ನಾಳೆಯಿಂದ ಬಟ್ಟೆ ಒಗೆಯುವ ಕೋಣೆಗೆ, ಮಕ್ಕಳು ಹೊರಗೆ. ಮಕ್ಕಳಿಗೂ ಇದು ಗೊತ್ತು.

ಕುಂಬಳಕಾಯಿ ಸೂಪು ಗಟ್ಟಿಯಾಗುತ್ತಿದೆ. ಹಬೆಯಲ್ಲಿ ಮಕ್ಕಳ ಮುಖಗಳು ತೇಲಿ ಮರೆಯಾಗುತ್ತವೆ. “ಈಗ ಹೇಗಿದೆ?” ದೊಡ್ಡಮ್ಮನ ಪ್ರಶ್ನೆ.

ದೂರ ನಿಂತ ನನಗೇ ಸಣ್ಣಗೆ ಸೀದ ವಾಸನೆ. ಒಬ್ಬ ಹುಡುಗ ಬಾಗಿಲ ಕಡೆ ಕಳ್ಳನೋಟ ಹರಿಸಿ, “ಚೆ... ಚೆನ್ನಾಗಿದೆ,” ಎನ್ನುತ್ತಾನೆ. ಎರಡು ಜಡೆಯ ಹುಡುಗಿ ತುಟಿ ಕಚ್ಚಿಕೊಳ್ಳುತ್ತಾಳೆ. ಆಮೇಲೆ ಗಟ್ಟಿಯಾಗಿ ಹೇಳಿಯೇಬಿಡುತ್ತಾಳೆ: “ಇಲ್ಲ ದೊಡ್ಡಮ್ಮ, ತಳ ಹತ್ತುತ್ತಿದೆ.”

ದೊಡ್ಡಮ್ಮ ತಟ್ಟನೆ ಉರಿ ಆರಿಸುತ್ತಾರೆ. ತಳ ಕೆದಕದೆ, ಮೇಲಿನದನ್ನಷ್ಟೇ ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸುತ್ತಾರೆ. ವಾರ್ಡನ್ ಮೇಡಂ ಒಂದು ಚಮಚ ಬಾಯಿಗಿಟ್ಟು, ಹುಡುಗಿಯ ಮುಖವನ್ನೇ ಬಹಳ ಹೊತ್ತು ನೋಡುತ್ತಾರೆ. “ಒಲೆ ಹಚ್ಚೋಕೆ, ನಿಗಾ ಇಡೋಕೆ ದೊಡ್ಡವರೊಬ್ಬರನ್ನ ಕೊಡ್ತೀನಿ. ಮಿಕ್ಕಿದ್ದು ಹೀಗೇ ನಡೀಲಿ,” ಎಂದು ಹೊರಡುತ್ತಾರೆ.

ಆಗ ಶುರುವಾಗುತ್ತದೆ ಹುಡುಗಿಯ ಅಳು. “ನಿಮ್ಮ ಅಡುಗೆ ಕೆಲಸ ಹೋಗಿಬಿಡ್ತಿತ್ತು, ನನ್ನಿಂದ...” ದೊಡ್ಡಮ್ಮ ಸೆರಗಿನಿಂದ ಅವಳ ಮೂಗು ಒರೆಸುತ್ತಾರೆ. “ಹೋದ್ರೆ ಹೋಗ್ತಿತ್ತು, ಬಿಡೇ.”

ಮಕ್ಕಳು ತಟ್ಟೆ ಜೋಡಿಸಲು ಹೋದ ಮೇಲೆ, ಮುಂದೆ ಏನಾಸೆ ಎಂದು ಕೇಳುತ್ತೇನೆ. ದೊಡ್ಡಮ್ಮ ನಗುತ್ತಾರೆ.

“ನಾಳೆ ಈ ಹುಡುಗಿ ಯಾರ ಮನೇಲಾದ್ರೂ ಉಂಡು ಚೆನ್ನಾಗಿದೆ ಅಂದ್ರೆ, ಆ ಮನೆಯವರು ಕಣ್ಣು ಮುಚ್ಕೊಂಡು ನಂಬಬಹುದು. ಅಷ್ಟು ಸಾಕಪ್ಪ ನಂಗೆ.”