ಕಸ್ತೂರೆವ್ವನ ಸುಮ್ಮನಿರದ ಕೈ

ಚರ್ಚಿನ ಬೆಂಚಿನ ಮೇಲೆ ಕೂತ ಕಸ್ತೂರೆವ್ವನ ಬೆರಳು ಒಂದೇ ಸಮ ತಿರುಗುವುದನ್ನು ಕಂಡು, ಈಕೆ ಗುಟ್ಟಾಗಿ ಜಪ ಮಾಡುತ್ತಾಳೆಂದು ಇದನ್ನು ಬರೆಯುತ್ತಿರುವವನು ಬಹಳ ದಿನ ತಿಳಿದಿದ್ದ. ನಾಲ್ಕು ಜನಕ್ಕೆ ಭಕ್ತಿಯಿಂದ ಹೇಳಿಯೂ ಬಿಟ್ಟಿದ್ದ. ಜಪವೂ ಇಲ್ಲ, ತಪವೂ ಇಲ್ಲ. ಅಜ್ಜನ ಕಾಲಕ್ಕೇ ಕ್ರಿಸ್ತನನ್ನು ನಂಬಿದ ನೇಕಾರ ಮನೆತನ ಅವಳದು. ಬನಹಟ್ಟಿಯ ಬಸಗೊಂಡಪ್ಪನ ಮಗ್ಗಗಳಿಗೆ ಹುಡುಗಿಯಾಗಿದ್ದಾಗಿನಿಂದ ರಾಟಿ ತಿರುವಿ ಕಂಡಿಕೆಯ ಪುಟ್ಟ ಕೊಳವೆಗೆ ನೂಲು ಸುತ್ತಿದ ಕೈ. ರಾಟಿ ಮುಂದಿಲ್ಲದಿದ್ದರೂ ಸುತ್ತುತ್ತದೆ.

ಹಾಗೆಯೇ ಒಂದು ಐತವಾರ ಅವಳಿಗೇ ಗೊತ್ತಿಲ್ಲದೆ ಕೈ ರಾಟಿಗೆ ಹೋಯಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಮೈದುನ ಜಕ್ಕಪ್ಪ ಪ್ರತ್ಯಕ್ಷ. ಚರ್ಚಿನ ಸಭೆಯ ಹಿರಿಯ, ಬೇಸಿಗೆಯಲ್ಲೂ ಕೋಟು ಬಿಚ್ಚದ ಮನುಷ್ಯ, ದೇವರ ಆಜ್ಞೆಗಳನ್ನು ತಾನೇ ಪಕ್ಕದಲ್ಲಿ ನಿಂತು ಬರೆಸಿದವನಂತೆ ಮಾತು.

“ದೇವರು ದುಡಿಬ್ಯಾಡ ಅಂದ ಐತವಾರ ರಾಟಿ ತಿರುವತಿಯೇನ ವೈನಿ? ಬರೂ ಪ್ರಭುಭೋಜನದ ತನಕ ಹಗಲೆಲ್ಲಾ ಉಪಾಸ ಇರು. ತಪ್ಪು ಅಳಿದ್ರ ಅವತ್ತ ಚರ್ಚಿನ್ಯಾಗ ಹಂಚೂ ಕ್ರಿಸ್ತನ ರೊಟ್ಟಿ ಮುಟ್ಟು. ಇಲ್ಲಂದ್ರ ಆತ್ಮದ ರಕ್ಷಣೆ ಆಸೆ ಬಿಡು.”

“ಅಳಿದದ್ದು ಹೆಂಗ ಗೊತ್ತಾಗತೈತಿ?”

ಜಕ್ಕಪ್ಪ ಕೋಟಿನ ಗುಂಡಿ ನೋಡಿಕೊಂಡ. “ಅಳಿದಾಗ ಗೊತ್ತಾಗತೈತಿ.”

ಅಂದಿನಿಂದ ಕಸ್ತೂರೆವ್ವ ಕೂತಲ್ಲಿ ಕೂರಲಿಲ್ಲ. ಸುತ್ತುವಾಗ ನೂಲು ತುಂಡಾಗತೊಡಗಿತು. ರಬಕವಿ ರಸ್ತೆಗುಂಟ ನಡೆದು ಬರುವಳು, ನೀರು ಕುಡಿದು ಮತ್ತೆ ಹೊರಡುವಳು. ಅಳಿಯಿತೋ? ಇಲ್ಲವೋ? ಪ್ರಭುಭೋಜನದ ಹಿಂದಿನ ದಿನ ಮಧ್ಯಾಹ್ನ ಅದೇ ಗುಂಗಿನಲ್ಲಿ ಅಡಿಗೆಮನೆಗೆ ಹೋದವಳಿಗೆ ಎಚ್ಚರವಾದದ್ದು ಶೇಂಗಾ ಚಟ್ನಿ ಹಚ್ಚಿ ಅರ್ಧ ಜೋಳದ ರೊಟ್ಟಿ ತಿಂದ ಮೇಲೆ. ಕೈ ಈ ಸಲ ಬಾಯಿಗೆ ಹೋಗಿತ್ತು.

ಮರುದಿನ ಚರ್ಚಿನಲ್ಲಿ ಪಾಸ್ಟರ್ ನೀಲಕಂಠ ರೊಟ್ಟಿಯ ತಟ್ಟೆ ಹಿಡಿದು ಎದುರು ಬಂದಾಗ ಅವಳು ಹಿಂದೆ ಸರಿದಳು.

“ನನಗ ಬ್ಯಾಡ್ರಿ. ಐತವಾರ ಮುರಿದೆ, ಉಪಾಸಾನೂ ಮುರಿದೆ. ದೇವರ ಮುಂದ ಇಡಾಕ ನನ್ನ ಕಡೆ ಏನೂ ಉಳಿದಿಲ್ಲ.”

“ಇಡಾಕ ಯಾರು ಹೇಳ್ಯಾರ? ಬಸಗೊಂಡಪ್ಪ ಕೊಡೂದು ಕೂಲಿ, ನೀ ದುಡದದ್ದು. ಇದು ಕೃಪಾ. ದುಡದಾಂವ ಕ್ರಿಸ್ತ, ಉಣ್ಣಾಕಿ ನೀ. ನಂಬಿ ತಗೋ. ಮೊದಲ ಆ ಕೈ ನಿಲ್ಲಸು, ಎಲ್ಲೆ ಹಾಕೂದು?”

ಬೆರಳು ಸುತ್ತುತ್ತಲೇ ಇತ್ತು. ಎಡಗೈಯಿಂದ ಬಲಗೈಯನ್ನು ಗಟ್ಟಿ ಹಿಡಿದು ಅಂಗೈ ಬಿಚ್ಚಿದಳು. ಪಾಸ್ಟರ್ ಇಟ್ಟ ರೊಟ್ಟಿಯ ತುಂಡು ಬೀಳಲಿಲ್ಲ.

ಹೊರಗೆ ಜಕ್ಕಪ್ಪ ಅಡ್ಡ ಬಂದ. ಚಡಪಡಿಸುವ ಸರದಿ ಈಗ ಅವನದು. ಕೋಟಿನ ಗುಂಡಿಯೂ ಬಿಚ್ಚಿತ್ತು.

“ರಕ್ಷಣೆ ಪುಕ್ಕಟೆ ಸಿಗತೈತಿ ಅಂದ್ರ, ನಾ ಇಷ್ಟು ವರ್ಷ ಮಾಡಿದ ಉಪಾಸೆಲ್ಲಾ ಎಲ್ಲೆ ಹೋತು ವೈನಿ?”

“ಹೊಟ್ಟ್ಯಾಗ ಐತಿ, ಪಿತ್ತ ಆಗಿ. ಮನಿಗೆ ನಡಿ, ಉಣ್ಣು.”